ಮಾವನ ಟಿವಿ, ಬೀದಿಯ ಹಣ್ಣಿನ ಗಾಡಿ

ಪ್ರಶ್ನೆ: ನಮ್ಮ ಮಾವ ದಿನವಿಡೀ ದೆಹಲಿಯ ಹಿಂದಿ ಚಾನೆಲ್ ನೋಡುತ್ತಾರೆ. ಹದಿನೈದು ವರ್ಷದಿಂದ ನಮ್ಮ ಮನೆ ಬಟ್ಟೆ ಹೊಲಿಯುತ್ತಿರುವ ಟೈಲರ್ ಮುಸ್ಲಿಮರು. ಈಗ ಮಾವ ಅಲ್ಲಿಗೆ ಹೋಗಬೇಡ ಅನ್ನುತ್ತಾರೆ. ‘ಟಿವಿಯವರು ಸುಳ್ಳು ಹೇಳ್ತಾರಾ?’ ಅಂತ ಬಾಯಿ ಮುಚ್ಚಿಸುತ್ತಾರೆ. ಏನು ಹೇಳಲಿ?
– ಗೃಹಿಣಿ, ದಾವಣಗೆರೆ

ಉತ್ತರ: ಮಾವನವರನ್ನು ಬೈಯುವ ಮೊದಲು ನನ್ನ ಕಥೆ ಕೇಳಿಬಿಡಿ ತಾಯಿ.

2020ರ ಏಪ್ರಿಲ್, ಲಾಕ್‌ಡೌನ್. ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ ತಬ್ಲೀಗಿ ಜಮಾತ್ ಎಂಬ ಮುಸ್ಲಿಂ ಧಾರ್ಮಿಕ ಸಂಘಟನೆಯ ಸಭೆಗೆ ಬಂದಿದ್ದವರಲ್ಲಿ ಕೊರೊನಾ ಕಾಣಿಸಿಕೊಂಡಿತ್ತು. ಸುದ್ದಿ ನಿಜವೇ. ಆದರೆ ಟಿವಿಯಲ್ಲಿ ಅದು ‘ಕೊರೊನಾ ಜಿಹಾದ್’ ಆಯಿತು. ಕಾಯಿಲೆ ಬಿದ್ದವರೆಲ್ಲ ಬೇಕಂತಲೇ ಹರಡಲು ಬಂದವರಾದರು. ನಮ್ಮ ಬೀದಿಗೆ ಎಂಟು ವರ್ಷದಿಂದ ಒಬ್ಬರು ಹಣ್ಣಿನ ಗಾಡಿ ತರುತ್ತಿದ್ದರು. ಅವತ್ತು ಗೇಟಿನ ಒಳಗೇ ನಿಂತು, ‘ನಿಮ್ಮ ಹೆಸರೇನು?’ ಅಂದೆ. ಎಂಟು ವರ್ಷದಲ್ಲಿ ಮೊದಲ ಸಲ! ಹೇಳಿದರು. ‘ಇವತ್ತು ಬೇಡ’ ಅಂದುಬಿಟ್ಟೆ. ಇಪ್ಪತ್ತು ವರ್ಷ ಸುದ್ದಿಮನೆಯಲ್ಲಿ ದುಡಿದವನು ನಾನು.

ಆಮೇಲೆ? ಅದೇ ವರ್ಷ ಆಗಸ್ಟ್ 21ಕ್ಕೆ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ಮರ್ಕಜ್‌ಗೆ ಬಂದಿದ್ದ 29 ವಿದೇಶಿಯರ ಮೇಲಿನ ಎಫ್‌ಐಆರ್ ರದ್ದು ಮಾಡಿತು. ಪತ್ರಿಕೆ, ಟಿವಿಗಳಲ್ಲಿ ಇವರ ವಿರುದ್ಧ ದೊಡ್ಡ ಅಪಪ್ರಚಾರ ನಡೆಯಿತು ಎಂದೂ ತೀರ್ಪಿನಲ್ಲಿ ಬರೆಯಿತು. ಡಿಸೆಂಬರಿನಲ್ಲಿ ದೆಹಲಿಯ ಕೋರ್ಟು 36 ವಿದೇಶಿಯರನ್ನು ಖುಲಾಸೆ ಮಾಡಿತು. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟು 70 ಭಾರತೀಯರ ಮೇಲಿದ್ದ ಕೇಸುಗಳನ್ನೂ ಕೈಬಿಟ್ಟಿತು. ಸುಮ್ನೆ ದೆಹಲಿಯ ಟಿವಿಯವರನ್ನೇ ದೂರಬೇಡಿ. ಇದೇ ವಿಷಯಕ್ಕೆ 2021ರಲ್ಲಿ ಸುದ್ದಿವಾಹಿನಿಗಳ ಸ್ವಂತ ದೂರು ಮಂಡಳಿಯೇ ಎರಡು ಕನ್ನಡ ವಾಹಿನಿಗಳಿಗೆ ದಂಡ ಹಾಕಿತು. ಒಂದಕ್ಕೆ 1 ಲಕ್ಷ, ಇನ್ನೊಂದಕ್ಕೆ 50 ಸಾವಿರ.

ಟಿವಿಯವರು ಸುಳ್ಳು ಹೇಳ್ತಾರಾ ಅಂದರೆ, ಎಲ್ಲ ಸಲ ಸುಳ್ಳೇ ಬೇಕಿಲ್ಲಮ್ಮ. ಆರೋಪವನ್ನು ವಾರಗಟ್ಟಲೆ ರಾತ್ರಿ ಒಂಬತ್ತಕ್ಕೆ ಕೂಗಿ, ಖುಲಾಸೆಯನ್ನು ಸ್ಕ್ರೀನಿನ ಕೆಳಗೆ ಒಂದು ಸಾಲು ಓಡಿಸಿದರೆ ಸಾಕು. ಸುದ್ದಿಮನೆಯ ಲೆಕ್ಕ ನನಗೆ ಗೊತ್ತು. ಖುಲಾಸೆ ಆದವರ ಸುದ್ದಿಗೆ ಜನ ಕೂರುವುದಿಲ್ಲ.

ಮಾವನವರ ಹತ್ತಿರ ವಾದಕ್ಕೆ ಇಳಿಯಬೇಡಿ. ‘ಆ 36 ಜನ ಬಿಡುಗಡೆಯಾದ ಸುದ್ದಿ ನಿಮ್ಮ ಚಾನೆಲ್‌ನಲ್ಲಿ ನೋಡಿದ್ರಾ ಮಾವ?’ ಅಂತ ಮೆತ್ತಗೆ ಕೇಳಿ. ಟೈಲರ್ ಅಂಗಡಿಗೆ ಮಾತ್ರ ಹೋಗುತ್ತಲೇ ಇರಿ. ಅಂಗಿ ಅಳತೆಗೆ ಮಾವನವರನ್ನೂ ಅಲ್ಲಿಗೇ ಕರೆದುಕೊಂಡು ಹೋಗಿ. ಹದಿನೈದು ವರ್ಷದ ಪರಿಚಯ, ಮಾತು ತಾನೇ ಶುರುವಾಗುತ್ತದೆ.

ಹಣ್ಣಿನವರು ಜೂನ್‌ನಲ್ಲಿ ಮತ್ತೆ ಬಂದರು, ಈಗಲೂ ಬರುತ್ತಾರೆ. ಒಂದು ಬಾಳೆಹಣ್ಣು ಜಾಸ್ತಿಯೇ ಹಾಕುತ್ತಾರೆ. ಅವತ್ತಿನ ಮಾತನ್ನು ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ.