ಮೂರು ಅಪ್ಲಿಕೇಶನ್‌ಗೆ ಒಂದೇ ಡೇಟಾಬೇಸ್ ಸಾಕೇ?

ಪ್ರಶ್ನೆ: ನಮ್ಮ ಸಗಟು ಅಂಗಡಿಯಲ್ಲಿ ಬಿಲ್ಲಿಂಗ್, ಗೋದಾಮು, ನೌಕರರ ಹಾಜರಿ ಎಂದು ಮೂರು ಅಪ್ಲಿಕೇಶನ್ ಇವೆ. ಮೂರಕ್ಕೂ ಒಂದೇ ಪೋಸ್ಟ್‌ಗ್ರೆಸ್ (ಡೇಟಾಬೇಸ್ ತಂತ್ರಾಂಶ) ಸರ್ವರ್. ಡೇಟಾಬೇಸ್ ಒಂದೇ ಇರಲೋ, ಮೂರು ಮಾಡಲೋ?

ಉತ್ತರ: ಬಿಲ್ ಆದ ಕೂಡಲೇ ದಾಸ್ತಾನು ಇಳಿಯಬೇಕಲ್ಲವೇ? ಹಾಗಿದ್ದರೆ ಬಿಲ್ಲಿಂಗ್ ಮತ್ತು ಗೋದಾಮು ಒಂದೇ ಡೇಟಾಬೇಸಿನಲ್ಲಿರಲಿ, ಸ್ಕೀಮಾ (ಡೇಟಾಬೇಸಿನೊಳಗಿನ ಟೇಬಲ್‌ಗಳ ವಿಭಾಗ) ಮಾತ್ರ ಬೇರೆ ಬೇರೆ. ಪೋಸ್ಟ್‌ಗ್ರೆಸ್‌ನಲ್ಲಿ ಎರಡು ಡೇಟಾಬೇಸ್‌ಗಳ ನಡುವೆ ನೇರ ಜಾಯಿನ್ (ಟೇಬಲ್‌ಗಳನ್ನು ಜೋಡಿಸಿ ಓದುವುದು) ಆಗದು, ಫಾರಿನ್ ಕೀಯೂ (ಒಂದು ಟೇಬಲಿನಿಂದ ಇನ್ನೊಂದರ ಸಾಲಿಗಿರುವ ಕೊಂಡಿ) ದಾಟದು. ಬೇರೆ ಡೇಟಾಬೇಸಿನ ಟೇಬಲ್ ತಲುಪಲು ಬಿಡುವ ಪೋಸ್ಟ್‌ಗ್ರೆಸ್-ಎಫ್‌ಡಿಡಬ್ಲ್ಯು ವಿಸ್ತರಣೆ ಹಾಕಿ ಬರೆಯಬಹುದು, ಆದರೆ ಎರಡೂ ಕಡೆ ಒಟ್ಟಿಗೇ ಕಮಿಟ್ ಆಗುವ (ಬದಲಾವಣೆ ಖಾಯಂ ಆಗುವ) ಖಾತ್ರಿ ಇಲ್ಲ. ನಡುವೆ ಸರ್ವರ್ ಬಿದ್ದರೆ ದಾಸ್ತಾನು ಇಳಿದಿರುತ್ತದೆ, ಬಿಲ್ ಇರುವುದಿಲ್ಲ.

ಪ್ರತಿ ಸ್ಕೀಮಾಕ್ಕೂ ಬೇರೆ ರೋಲ್ (ಲಾಗಿನ್ ಖಾತೆ) ಇರಲಿ. ಬಿಲ್ಲಿಂಗ್ ರೋಲ್‌ಗೆ ಗೋದಾಮು ಸ್ಕೀಮಾದ ಮೇಲೆ ಯೂಸೇಜ್ (ಒಳಹೋಗುವ ಹಕ್ಕು), ಟೇಬಲ್‌ಗಳ ಮೇಲೆ ಸೆಲೆಕ್ಟ್ (ಓದುವ ಹಕ್ಕು) ಅಷ್ಟೇ ಕೊಡಿ. ಯೂಸೇಜ್ ಮರೆತರೆ ಸೆಲೆಕ್ಟ್ ಕೊಟ್ಟೂ ಪ್ರಯೋಜನವಿಲ್ಲ. ದಾಸ್ತಾನು ಇಳಿಸುವ ಕೆಲಸಕ್ಕೆ ಗೋದಾಮು ರೋಲ್ ಒಡೆತನದ ಒಂದು ಸೆಕ್ಯುರಿಟಿ ಡಿಫೈನರ್ ಫಂಕ್ಷನ್ (ಯಾರು ಕರೆದರೂ ಒಡೆಯನ ಹಕ್ಕಿನಲ್ಲೇ ನಡೆಯುವಂಥದ್ದು) ಬರೆಸಿ. ಅದರೊಳಗೆ ಸರ್ಚ್ ಪಾತ್ (ಟೇಬಲ್ ಹುಡುಕುವ ಸ್ಕೀಮಾಗಳ ಪಟ್ಟಿ) ನಿಗದಿಪಡಿಸಿ, ಪಬ್ಲಿಕ್‌ಗೆ (ಅಂದರೆ ಎಲ್ಲ ರೋಲ್‌ಗಳಿಗೂ) ತಾನಾಗಿಯೇ ಸಿಗುವ ಎಕ್ಸಿಕ್ಯೂಟ್ ಹಕ್ಕನ್ನು ಹಿಂತೆಗೆದು, ಬಿಲ್ಲಿಂಗ್ ರೋಲ್‌ಗೆ ಮಾತ್ರ ಕೊಡಿ. ಎಲ್ಲರೂ ಎಲ್ಲರ ಟೇಬಲ್‌ಗೂ ಕೈ ಹಾಕಿದರೆ ಗೋದಾಮಿನವರು ಒಂದು ಕಾಲಂ ಹೆಸರು ಬದಲಿಸಿದ ದಿನವೇ ಬಿಲ್ಲಿಂಗ್ ನಿಲ್ಲುತ್ತದೆ.

ಹಾಜರಿಗೆ ಈ ಎರಡರ ಹಂಗಿಲ್ಲ, ಸಂಬಳದ ಗುಟ್ಟೂ ಅಲ್ಲಿದೆ. ಅದನ್ನು ಬೇರೆ ಡೇಟಾಬೇಸ್ ಮಾಡಿ, ಪಬ್ಲಿಕ್‌ಗಿರುವ ಕನೆಕ್ಟ್ ಹಕ್ಕು ತೆಗೆಯಿರಿ. ಪಿಜಿ-ಡಂಪ್ ಉಪಕರಣದಿಂದ ಅದೊಂದನ್ನೇ ಬ್ಯಾಕಪ್ ಮಾಡಿ ಮರಳಿ ತರಬಹುದು. ವಾಲ್ ಕಡತಗಳಿಂದ (ಸರ್ವರಿನ ಬದಲಾವಣೆಗಳ ದಾಖಲೆ) ‘ನಿನ್ನೆ ಮೂರು ಗಂಟೆಗೆ ಇದ್ದಂತೆ’ ತರಬೇಕೆಂದರೆ ಮಾತ್ರ ಇಡೀ ಸರ್ವರಿನ ಎಲ್ಲ ಡೇಟಾಬೇಸ್‌ಗಳೂ ಹಿಂದಕ್ಕೆ ಹೋಗುತ್ತವೆ. ಆಗ ಬೇರೊಂದು ಯಂತ್ರದಲ್ಲಿ ಎಬ್ಬಿಸಿ, ಬೇಕಾದ ಡೇಟಾಬೇಸ್ ಮಾತ್ರ ಡಂಪ್ ಮಾಡಿ ತನ್ನಿ.

ಪ್ರಶ್ನೆ: ಡೇಟಾಬೇಸ್ ಬೇರೆ ಮಾಡಿದ ಮೇಲೂ ‘ಟೂ ಮೆನಿ ಕ್ಲೈಂಟ್ಸ್’ ಎಂದು ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ. ಯಾಕೆ?

ಉತ್ತರ: ಕನೆಕ್ಷನ್ ಮಿತಿ ಇಡೀ ಸರ್ವರಿಗೆ ಸೇರಿದ್ದು. ಸಾಮಾನ್ಯವಾಗಿ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಮೂರು ಅಪ್ಲಿಕೇಶನ್, ತಲಾ ಎರಡು ಪ್ರೋಸೆಸ್, ಒಂದೊಂದಕ್ಕೆ 20ರ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಎಂದರೆ 120 ಆಯಿತು! ಪೂಲನ್ನು 10ಕ್ಕೆ ಇಳಿಸಿ, ಪ್ರತಿ ರೋಲ್‌ಗೂ ‘ಕನೆಕ್ಷನ್ ಲಿಮಿಟ್ 25’ ಹಾಕಿ. ಆಗ ಒಂದು ಅಪ್ಲಿಕೇಶನ್ ಹದ್ದು ಮೀರಿದರೂ ಉಳಿದವಕ್ಕೆ ಜಾಗ ಇರುತ್ತದೆ. ಮಿತಿಯನ್ನೇ 500ಕ್ಕೆ ಏರಿಸುವ ಸಲಹೆ ಕೇಳಿಬಂದೀತು, ಒಪ್ಪಬೇಡಿ: ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ನೂ ಒಂದು ಪ್ರತ್ಯೇಕ ಪ್ರೋಸೆಸ್, ಎಲ್ಲವೂ ರ್‍ಯಾಮ್ ತಿನ್ನುತ್ತವೆ. ಅಷ್ಟು ಬೇಕೇ ಬೇಕಿದ್ದರೆ ನಡುವೆ ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುವ ಪಿಜಿ-ಬೌನ್ಸರ್ ಕೂರಿಸಿ.