ಪೈಲಾನ್ ಅಲ್ಲಾಡಿದರೆ ದಪ್ಪ ಸ್ಕ್ರೂ ಪರಿಹಾರ ಅಲ್ಲ

ಸದಾಶಿವಗಡದಿಂದ ಹಾಕಿದ ಫೋಟೋ ನೋಡಿದೆ. ಹಳೇ ಸ್ಕೀ ಬೋಟಿನ ಪೈಲಾನ್ (ಸ್ಕೀ ಮಾಡುವವರನ್ನು ಎಳೆಯುವ ಹಗ್ಗ ಕಟ್ಟುವ ಕಂಬ) ಅಲ್ಲಾಡ್ತದೆ, ಬುಡದ ಪ್ಲೇಟಿನ ನಾಲ್ಕು ಲ್ಯಾಗ್ ಸ್ಕ್ರೂ (ನೇರ ಮರಕ್ಕೇ ತಿರುಗಿಸುವ ದಪ್ಪ ಸ್ಕ್ರೂ) ತೆಗೆದು ಒಂದು ಸೈಜ್ ದಪ್ಪದ್ದು ತಿರುಗಿಸಿ ಸುತ್ತ ಸಿಲಿಕೋನ್ ಹೊಡೀತೇನೆ ಅಂದಿದ್ದೀರಿ. ಬೇಡ ಮಾರಾಯ್ರೆ, ನಾನೂ ಹಾಗೆ ಮಾಡಿ ಕೆಟ್ಟವನೇ. ಸಡಿಲ ಆದದ್ದು ಸ್ಕ್ರೂ ಅಲ್ಲ, ಅದು ಕಚ್ಚಿದ್ದ ಮರ ಕುಂಬಾಗಿದೆ, ಅಂದರೆ ಕೊಳೆತಿದೆ.

ಲೆಕ್ಕ ಹಾಕಿ. ಹಗ್ಗ ಕಟ್ಟುವ ಜಾಗ ಪ್ಲೇಟಿನಿಂದ 75 ಸೆಂ.ಮೀ. ಎತ್ತರ, ಎಳೆತ 100 ಕೆಜಿ, ಬೋಲ್ಟ್ ಸಾಲುಗಳ ಅಂತರ 20 ಸೆಂ.ಮೀ. ಅಂದರೆ ಮುಂದಿನ ಎರಡು ಬೋಲ್ಟ್ ಸೇರಿ ಸುಮಾರು 375 ಕೆಜಿ ಮೇಲಕ್ಕೆ ಎಳೆತ ತಡೀಬೇಕು. ಅದೂ ಪ್ರತಿ ಸಲ ಜಗ್ಗಿದಾಗ. ನೆನೆದ ಮರದಲ್ಲಿ ಸ್ಕ್ರೂವಿನ ಎಂಥ ಮರೆ (ಸುತ್ತುಗೆರೆ) ನಿಲ್ತದೆ? ಮೇಲಿಂದ ಕೆಳಗೆ ಆರುಪಾರು ಹೋಗುವ ಬೋಲ್ಟ್, ಕೆಳಬದಿಯಲ್ಲಿ 6 ಮಿ.ಮೀ. ದಪ್ಪದ 316 ಸ್ಟೇನ್‌ಲೆಸ್ ಪ್ಲೇಟ್. ಬೇರೆ ದಾರಿ ಇಲ್ಲ.

ಮೊದಲು 3 ಮಿ.ಮೀ. ಬಿಟ್‌ನಲ್ಲಿ ಪ್ಲೇಟಿನ ಸುತ್ತ ಅಲ್ಲಲ್ಲಿ ತೂತು ಹೊಡೆದು ಪುಡಿ ನೋಡಿ. ಬಿಳಿಚಿ ಒಣಗಿದ್ದರೆ ಸರಿ, ಕಪ್ಪಾಗಿ ಒದ್ದೆಯಾಗಿ ಬಂದರೆ ಮುಂದಕ್ಕೆ ಸರಿದು ಮತ್ತೊಂದು ತೂತು. ಒಂದು ಗೇಣಿಗಿಂತ ಆಚೆಗೂ ಹಾಗೇ ಇದ್ದರೆ ಇದು ಪೈಲಾನ್ ಕೆಲಸ ಅಲ್ಲ, ಸ್ಟ್ರಿಂಗರ್ (ಫ್ಲೋರಿನ ಅಡಿಯ ಉದ್ದ ತೊಲೆ) ಕೆಲಸ, ಫ್ಲೋರ್ ಬಿಚ್ಚಲೇಬೇಕು.

ಕುಂಬು ಅಷ್ಟಕ್ಕೇ ನಿಂತಿದ್ದರೆ ಪೂರ್ತಿ ಕೆತ್ತಿ, ಒಣಗಿಸಿ, ಐಎಸ್ 710 ಮುದ್ರೆಯ ಮರೈನ್ ಪ್ಲೈ ತುಂಬಿ. ಅಂಗಡಿಯವ 'ವಾಟರ್‌ಪ್ರೂಫ್' ಅಂತ ಐಎಸ್ 303ರ ಸಾಮಾನ್ಯ ಪ್ಲೈ ಕೊಟ್ಟರೆ ವಾಪಸ್ ಕೊಡಿ. ಈಗ ಮುಖ್ಯ ಕೆಲಸ: 12 ಮಿ.ಮೀ. ಬೋಲ್ಟಿಗೆ 20 ಮಿ.ಮೀ. ತೂತು ಹೊಡೀರಿ. ಅಡಿಗೆ ಟೇಪ್ ಅಂಟಿಸಿ. ತೆಳು ಎಪಾಕ್ಸಿ (ಎರಡು ಭಾಗ ಕಲೆಸುವ ರಾಳ) ಒಳಗೋಡೆಗೆ ಬ್ರಶ್ಶಿನಲ್ಲಿ ಕುಡಿಸಿ, ಅದು ಅಂಟಂಟು ಇರುವಾಗಲೇ ಫ್ಯೂಮ್ಡ್ ಸಿಲಿಕಾ (ದಪ್ಪ ಮಾಡುವ ಪುಡಿ) ಕಲೆಸಿದ ಎಪಾಕ್ಸಿ ತುಂಬಿ. ಚಮಚ ಬೋರಲು ಹಿಡಿದರೂ ಬೀಳಬಾರದು, ಅಷ್ಟು ಗಟ್ಟಿ. ಆಳ ಹೆಚ್ಚಿದ್ದರೆ ಎರಡು ಕಂತು. ಒಂದೇ ಸಲ ತುಂಬಿದರೆ ಕಾದು ಹೊಗೆ ಬಂದು ಬಿರುಕು ಬಿಡ್ತದೆ. ಮರುದಿನ ಗಟ್ಟಿಯಾದ ಮೇಲೆ ನಡುವೆ 13 ಮಿ.ಮೀ. ಬಿಟ್. ಬೋಲ್ಟಿನ ಸುತ್ತ ಮೂರೂವರೆ ಮಿ.ಮೀ. ಎಪಾಕ್ಸಿ ಗೋಡೆ ಉಳೀತದೆ. ನಾಳೆ ಸೀಲಂಟ್ ಕೈಕೊಟ್ಟರೂ ನೀರು ಮರ ಮುಟ್ಟುವುದಿಲ್ಲ. ಇದೊಂದು ಬಿಟ್ಟು ಉಳಿದದ್ದೆಲ್ಲ ಸರಿ ಮಾಡಿದರೂ ಕೆಲವೇ ಮಳೆಗಾಲದಲ್ಲಿ ಮತ್ತೆ ಇದೇ ಫೋಟೋ ಹಾಕ್ತೀರಿ.

ಮೀನು ದೋಣಿಯ ಫೈಬರ್ ಕೆಲಸದವರ ಹತ್ರ ಕೊಡುವುದಾದರೆ ಒಂದು ಮಾತು. ಅವರ ಕೈಯಲ್ಲಿರುವುದು ಪಾಲಿಯೆಸ್ಟರ್ ರಾಳ ಮತ್ತು ಚಾಪ್ಡ್ ಮ್ಯಾಟ್ (ತುಂಡು ಗಾಜಿನ ನಾರಿನ ಹಾಸು). ದೋಣಿಯ ಹೊರಮೈಗೆ ಅದು ಸರಿ, ಆದರೆ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ನೆಚ್ಚುವ ಹಾಗಿಲ್ಲ. ಆ ಮ್ಯಾಟಿನ ನಾರು ಹಿಡಿದಿಡುವ ಬೈಂಡರ್ ಕರಗುವುದು ಪಾಲಿಯೆಸ್ಟರಿನ ಸ್ಟೈರೀನಿಗೆ, ಎಪಾಕ್ಸಿಗಲ್ಲ. ಮೇಲೆ ಹಾಸಲು ಹೊಲಿದ ಬೈಆಕ್ಸಿಯಲ್ (ಎರಡು ದಿಕ್ಕಿನ ನಾರಿನ) ಗಾಜಿನ ಬಟ್ಟೆ ತನ್ನಿ. ಜೂನ್-ಜುಲೈ 61 ದಿನ ಮೀನುಗಾರಿಕೆ ಬಂದ್, ಕೆಲಸದವರು ಸಿಗ್ತಾರೆ ನಿಜ. ಆ ಹವೆಯಲ್ಲಿ ಮರ ಒಣಗುವುದೇ ಇಲ್ಲ. ದೀಪಾವಳಿ ಕಳೀಲಿ.

ಸಿಲಿಕೋನ್ ಡಬ್ಬಿ ಬಚ್ಚಲುಮನೆಗೆ ಇಡಿ. ಅದು ತಾಗಿದ ಜಾಗಕ್ಕೆ ಮುಂದೆ ಪೇಂಟೂ ಹಿಡಿಯುವುದಿಲ್ಲ. ಸಿಕಾಫ್ಲೆಕ್ಸ್ 291 ಸೀಲಂಟ್ ಸಾಕು. 3ಎಂ 5200 ಬೇಡ, ಮತ್ತೆ ಬಿಚ್ಚುವಾಗ ಜೆಲ್‌ಕೋಟ್ (ಫೈಬರಿನ ಮೇಲಿನ ಹೊಳಪು ಪದರ) ಸಮೇತ ಏಳ್ತದೆ. ತೂತಿನ ಬಾಯಿ ಸ್ವಲ್ಪ ಕೌಂಟರ್‌ಸಿಂಕ್ ಮಾಡಿ ಓರೆಯಾಗಿ ಅಗಲಿಸಿದರೆ ಸೀಲಂಟ್ ಅಲ್ಲಿ ಓ-ರಿಂಗಿನ ಹಾಗೆ ಕೂರ್ತದೆ. ಬಿಗಿಯುವಾಗ ನಟ್ ಮಾತ್ರ ತಿರುಗಲಿ, ಬೋಲ್ಟ್ ಅಲ್ಲ. ಸ್ಟೀಲ್ ನೈಲಾಕಿಗೆ (ಒಳಗೆ ನೈಲಾನ್ ಉಂಗುರ ಇರುವ ನಟ್) ಗ್ರೀಸ್ ಹಚ್ಚಿ ಕೈ ಸ್ಪ್ಯಾನರಿನಲ್ಲೇ ಬಿಗಿಯಿರಿ, ಇಂಪ್ಯಾಕ್ಟ್ ಗನ್ ಹಿಡಿದರೆ ಮರೆ ಮರೆಗೇ ಕಚ್ಚಿ ಕೂರ್ತದೆ.

ಬೇರೆಡೆ ಬಿಚ್ಚಿದ ಹಳೇ ಬೋಲ್ಟ್ ಹೊಳೀತದೆ ಅಂತ ಮತ್ತೆ ಹಾಕಬೇಡಿ. ಗಾಳಿ ಸಿಗದ ಒದ್ದೆ ಮರದೊಳಗೆ ಸ್ಟೇನ್‌ಲೆಸ್ ಕೂಡ ತಿಂದುಹೋಗ್ತದೆ. ತಲೆ ಮೇಲೆ ಎ4 (316 ದರ್ಜೆಯ ಗುರುತು) ಅಂತ ಇರುವುದನ್ನೇ ಕೊಳ್ಳಿ. ಪೈಲಾನ್ ಅಲ್ಯೂಮಿನಿಯಂ ಆದರೆ ನಡುವೆ ನೈಲಾನ್ ವಾಷರ್, ಡ್ಯುರಾಲಾಕ್ (ಎರಡು ಲೋಹ ತಾಗಿ ತುಕ್ಕು ಹಿಡಿಯದ ಹಾಗೆ ಹಚ್ಚುವ ಪೇಸ್ಟ್). ಕಾಳಿ ಅಳಿವೆಯ ಉಪ್ಪುನೀರಿಗೆ ಇದು ತಪ್ಪಿಸುವ ಹಾಗೇ ಇಲ್ಲ.

ಎತ್ತರದ ಎಕ್ಸ್‌ಟೆನ್ಶನ್ ಹಾಕುವ ಯೋಚನೆ ಇದ್ದರೆ ಕಂಬವನ್ನು ಮುಂದಕ್ಕೆ ಎಳೆದು ಹಿಡಿಯುವ ಸ್ಟೇ ಕೇಬಲ್ ಬೇಕೇ ಬೇಕು, ಮೇಲಿನ ಲೆಕ್ಕದಲ್ಲಿ 75ರ ಜಾಗಕ್ಕೆ 200 ಹಾಕಿ ನೋಡಿ. ಪ್ಯಾರಾಸೇಲ್ ಹಗ್ಗ ಮಾತ್ರ ಈ ಪೈಲಾನಿಗೆ ಕಟ್ಟಲೇಬೇಡಿ.