ಎಂಟರಲ್ಲಿ ಒಂದೇ ಮಷೀನಿಗೆ ಆರ್‌ಸಿಂಕ್ ಆಗುತ್ತಿಲ್ಲ, ಲಾಗಿನ್ ಮಾತ್ರ ಆಗುತ್ತದೆ, ಯಾಕೆ?

ಮಣಿಪಾಲದ ಲ್ಯಾಬಿನಲ್ಲಿ 8 ಲಿನಕ್ಸ್ ಮಷೀನ್, ಏಳಕ್ಕೆ ಆರ್‌ಸಿಂಕ್ (ಮಷೀನ್‌ಗಳ ನಡುವೆ ಫೈಲ್ ನಕಲು ಮಾಡುವ ಪ್ರೋಗ್ರಾಂ) ಮೂಲಕ ಫೈಲ್ ಸರಿಯಾಗಿ ಹೋಗುತ್ತದೆ, ಒಂದಕ್ಕೆ ಮಾತ್ರ 'ಪ್ರೊಟೊಕಾಲ್ ವರ್ಷನ್ ಮಿಸ್‌ಮ್ಯಾಚ್, ಈಸ್ ಯುವರ್ ಶೆಲ್ ಕ್ಲೀನ್?' ಅಂತ ಬರುತ್ತದೆ, ಎರಡೂ ಕಡೆ ಒಂದೇ ವರ್ಷನ್ ಇದೆ ಅಂದಿದ್ದೀರಿ. ಮಾರಾಯ್ರೇ, ಮೊದಲು ಆರ್‌ಸಿಂಕನ್ನು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವುದು ನಿಲ್ಲಿಸಿ. ಮಂಗಳೂರಿನ ನನ್ನ ಹಳೇ ಆಫೀಸಿನಲ್ಲಿ ನಾನೂ ಅದನ್ನೇ ಮಾಡುತ್ತಾ ಒಂದು ಇಡೀ ಮಧ್ಯಾಹ್ನ ಹಾಳು ಮಾಡಿದ್ದೆ. ಆ ಸಾಲಿನ ಮೊದಲ ಅರ್ಧ ಸುಮ್ನೆ ದಾರಿ ತಪ್ಪಿಸುತ್ತದೆ. ನೋಡಬೇಕಾದ್ದು ಎರಡನೇ ಅರ್ಧ, ಅಂದರೆ ಶೆಲ್ (ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ) ಕ್ಲೀನ್ ಇದೆಯಾ ಅನ್ನುವುದು.

ಒಂದು ಕೆಲಸ ಮಾಡಿ. ಎಸ್‌ಎಸ್‌ಎಚ್‌ನಲ್ಲಿ (ಬೇರೆ ಮಷೀನಿಗೆ ಲಾಗಿನ್ ಆಗುವ ಪ್ರೋಗ್ರಾಂ) ಆ ಮಷೀನಿಗೆ ಬರೀ 'ಟ್ರೂ' ಅನ್ನುವ ಕಮಾಂಡ್ ಕೊಟ್ಟು, ಬಂದ ಔಟ್‌ಪುಟ್ಟನ್ನು ನಿಮ್ಮ ಕಡೆ ಒಂದು ಫೈಲಿಗೆ ಹಾಕಿ. 'ಟ್ರೂ' ಏನನ್ನೂ ಪ್ರಿಂಟ್ ಮಾಡುವುದಿಲ್ಲ, ಹಾಗಾಗಿ ಫೈಲ್ 0 ಬೈಟ್ ಇರಬೇಕು. ಮಂಗಳೂರಿನಲ್ಲಿ ನಮ್ಮದು 24 ಬೈಟ್ ಇತ್ತು. ತೆಗೆದು ನೋಡಿದರೆ ಒಳಗೆ 'ಊಟ ಆಯ್ತಾ?' ಅಂತ!

ಯಾರೋ ಪುಣ್ಯಾತ್ಮರು ತಮಾಷೆಗೆ ಆ ಮಷೀನಿನ ಬ್ಯಾಷ್‌ಆರ್‌ಸಿ ಫೈಲಿನ (ಬ್ಯಾಷ್ ಅನ್ನುವ ಶೆಲ್ ಶುರುವಾದಾಗ ಓದುವ ಫೈಲ್) ಮೊದಲ ಸಾಲಿಗೇ ಒಂದು ಎಕೋ (ಪ್ರಿಂಟ್ ಮಾಡುವ ಕಮಾಂಡ್) ಹಾಕಿದ್ದರು. ಲಾಗಿನ್ ಆದಾಗ ಓದಿ ನಗುತ್ತಿದ್ದೆವು, ಅಷ್ಟೇ. ಆದರೆ ಎಸ್‌ಎಸ್‌ಎಚ್ ಮೂಲಕ ಒಂದೇ ಕಮಾಂಡ್ ಕಳಿಸಿದಾಗಲೂ ಬ್ಯಾಷ್ ಆ ಫೈಲನ್ನು ಓದುತ್ತದೆ. ಆರ್‌ಸಿಂಕ್ ಶುರುವಾದ ಕೂಡಲೇ ಆ ಕಡೆಯಿಂದ 4 ಬೈಟಿನ ಪ್ರೊಟೊಕಾಲ್ ನಂಬರ್ ಕಾಯುತ್ತಾ ಇರುತ್ತದೆ, ಅದರ ಬದಲು ಬಂದದ್ದು 'ಊ' ಮತ್ತು 'ಟ'ದ ಒಂದು ಚೂರು, ಯಾಕಂದ್ರೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ರೀತಿ) ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಅದನ್ನೇ ನಂಬರ್ ಅಂದ್ಕೊಂಡು ಓದಿದರೆ ಹೇಗೆ ಹೊಂದುತ್ತದೆ, ಅಲ್ವಾ?

ಉಬುಂಟು, ಡೆಬಿಯನ್‌ನ ಬ್ಯಾಷ್‌ಆರ್‌ಸಿಯಲ್ಲಿ ಮೇಲೆಯೇ ಒಂದು ತಪಾಸಣೆ ಇರುತ್ತದೆ, ಎದುರಿಗೆ ಮನುಷ್ಯ ಕೂತಿಲ್ಲ ಅಂದರೆ ಅಲ್ಲಿಂದಲೇ ವಾಪಸ್. ನಮ್ಮ ಎಕೋ ಅದಕ್ಕಿಂತಲೂ ಮೇಲಿತ್ತು. ಅದರ ಕೆಳಗೆ ಇಳಿಸಿದೆವು, ಮುಗೀತು. ಪ್ರೊಫೈಲ್ ಫೈಲಿಗೆ ಹಾಕಿದರೂ ಆಗುತ್ತದೆ, ಅದನ್ನು ಲಾಗಿನ್ ಆದಾಗ ಮಾತ್ರ ಓದುವುದು. ಎಸ್‌ಎಸ್‌ಎಚ್‌ನ ಬ್ಯಾನರ್ (ಲಾಗಿನ್‌ಗೆ ಮೊದಲು ತೋರಿಸುವ ಸೂಚನೆ) ಮೇಲೆ ಮಾತ್ರ ಅನುಮಾನ ಪಡಬೇಡಿ, ಅದು ಎರರ್ ದಾರಿಯಲ್ಲಿ ಬರುವುದು, ಡೇಟಾದೊಳಗೆ ಸೇರುವುದಿಲ್ಲ.

ಹಳೇ ಮಷೀನ್‌ಗಳಿಗೆ ಆರ್‌ಡಿಸ್ಟ್ (ಅದೂ ಫೈಲ್ ಕಳಿಸುವ ಪ್ರೋಗ್ರಾಂ) ಬಳಸುತ್ತೇವೆ ಅಂತಲೂ ಬರೆದಿದ್ದೀರಿ. ಅದು 1986ರ 4.3 ಬಿಎಸ್‌ಡಿ (ಯುನಿಕ್ಸ್‌ನ ಒಂದು ಆವೃತ್ತಿ) ಕಾಲದ್ದು, ಆರ್‌ಸಿಂಕ್‌ಗಿಂತ 10 ವರ್ಷ ಹಿರಿಯ, ಆದರೆ ಈ ಕಾಯಿಲೆ ಅದಕ್ಕೂ ಇದೆ. ಜೊತೆಗೆ ಅದರ 6ನೇ ವರ್ಷನ್‌ಗೆ ಆ ಕಡೆ ಆರ್‌ಡಿಸ್ಟ್‌ಡಿ ಅನ್ನುವ ಪ್ರೋಗ್ರಾಂ ಪಾಥ್‌ನಲ್ಲೇ (ಶೆಲ್ ಪ್ರೋಗ್ರಾಂ ಹುಡುಕುವ ಫೋಲ್ಡರ್‌ಗಳ ಪಟ್ಟಿ) ಇರಬೇಕು.

ಫೈಲ್ 0 ಬೈಟ್ ಬಂದರೆ ನನ್ನ ಊಹೆ ತಪ್ಪು. ಆಗ ಆರ್‌ಸಿಂಕಿಗೆ ಎರಡು ಸಲ ವಿ (-vv, ಹೆಚ್ಚು ವಿವರ ತೋರಿಸು ಅಂತ) ಕೊಟ್ಟು ಓಡಿಸಿ, ಕೊನೆಯ ನಾಲ್ಕೈದು ಸಾಲು ಇಲ್ಲಿ ಹಾಕಿ.